ಕರಡಿಗಳಿರುವ ಕಾಡಿಗೆ ಒಯ್ಯುವ ದೊಡ್ಡ ಪಿಸ್ತೂಲು ಸಿಕ್ಕಿಕೊಂಡರೆ: ದೋಷ ಹುಡುಕುವ ಕೈಪಿಡಿ

ಅಮೆರಿಕದ ಅಲಾಸ್ಕಾ, ಮೊಂಟಾನಾ, ವಯೋಮಿಂಗ್ ಕಡೆ ಮೀನು ಹಿಡಿಯಲು, ಚಾರಣಕ್ಕೆ ಹೋಗುವವರಲ್ಲಿ ಹಲವರು ಕರಡಿಯ ಭಯಕ್ಕೆ ಸೊಂಟದಲ್ಲೋ ಎದೆಯ ಮೇಲಿನ ಹೋಲ್ಸ್ಟರ್‌ನಲ್ಲೋ (ಬಂದೂಕಿನ ಚೀಲದಲ್ಲೋ) ದೊಡ್ಡ ಕ್ಯಾಲಿಬರಿನ ಕೈಬಂದೂಕು ಇಟ್ಟುಕೊಂಡಿರುತ್ತಾರೆ. ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು, ಗ್ಲಾಕ್ 20ರಂಥ 10 ಎಂಎಂ ಪಿಸ್ತೂಲು. ಇನ್ನೊಂದು, .44 ಮ್ಯಾಗ್ನಮ್ ರಿವಾಲ್ವರ್. .454 ಕ್ಯಾಸುಲ್, .500 ಸ್ಮಿತ್ ಆಂಡ್ ವೆಸನ್ ಹೊತ್ತವರೂ ಸಿಗುತ್ತಾರೆ, ಆದರೆ ಕಡಿಮೆ.

ಯಾವುದಕ್ಕೆ ಶಕ್ತಿ ಜಾಸ್ತಿ ಎಂಬ ಜಗಳ ಇಲ್ಲಿ ಬೇಡ. 2016ರಲ್ಲಿ ಅಲಾಸ್ಕಾದ ಒಬ್ಬ ಗೈಡ್ ಬರೀ 9 ಎಂಎಂ ಪಿಸ್ತೂಲಿನಿಂದಲೇ ಮೇಲೆ ಬಿದ್ದ ಕಂದು ಕರಡಿಯನ್ನು ಹೊಡೆದುರುಳಿಸಿದರು. ಎಲ್ಲರೂ 9 ಎಂಎಂ ಒಯ್ಯಿರಿ ಅಂತ ನಾನು ಹೇಳುತ್ತಿಲ್ಲ. ಅವರ ಪಿಸ್ತೂಲು ಒಂದಾದ ಮೇಲೊಂದು ಗುಂಡು ಹಾರಿಸುತ್ತಲೇ ಹೋಯಿತು. ಅದೇ ಮುಖ್ಯ. ಮೊದಲ ಗುಂಡಿಗೇ ಸಿಕ್ಕಿಕೊಂಡ .44ಕ್ಕಿಂತ ಅದು ಎಷ್ಟೋ ವಾಸಿ.

ಇಂಥ ಬಂದೂಕುಗಳ ದೂರುಗಳಲ್ಲಿ ಬಹುಪಾಲಿನ ಮೂಲ ಒಂದೇ. ರೇಂಜ್‌ನಲ್ಲಿ (ಗುರಿ ಅಭ್ಯಾಸದ ಜಾಗದಲ್ಲಿ) ಅಗ್ಗದ, ಮೆದು (ಕಡಿಮೆ ಶಕ್ತಿಯ) ತೋಟಾ ಹೊಡೆದು "ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ 20 ತೋಟಾದ ದುಬಾರಿ ಡಬ್ಬ ತಂದು, ಅದರಲ್ಲಿ ಒಂದನ್ನೂ ಹೊಡೆಯದೆ ತುಂಬಿಕೊಂಡು ಕಾಡಿಗೆ ಹೋಗುತ್ತಾರೆ. ಎರಡೂ ಡಬ್ಬದ ಮೇಲೆ "10 ಎಂಎಂ" ಅಂತಲೇ ಬರೆದಿರುತ್ತದೆ, ಸರಿ. ಆದರೆ ಮೆದು ಸರಕಿನಲ್ಲಿ 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 1000 ಅಡಿಯ ಆಸುಪಾಸಿನಲ್ಲಿ ಹೋಗುತ್ತದೆ. ಕರಡಿಗೆಂದು ಮಾಡಿದ ಗಟ್ಟಿ ಸೀಸದ 220 ಗ್ರೇನ್ ಗುಂಡು 1200 ಅಡಿಯ ಹತ್ತಿರ ಹೋಗುತ್ತದೆ. ತೂಕ, ವೇಗ, ಮೂತಿಯ ಆಕಾರ ಎಲ್ಲ ಬೇರೆ. ಪಿಸ್ತೂಲಿನ ಮಟ್ಟಿಗೆ ಅದು ಬೇರೆಯೇ ತೋಟಾ.

ಕೆಲಸ ಶುರುಮಾಡುವ ಮೊದಲು

ಇದೆಲ್ಲ ರೇಂಜ್‌ನಲ್ಲಿ ಮಾಡುವ ಕೆಲಸ. ಗ್ರಿಜ್ಲಿ ಕರಡಿ ಗಂಟೆಗೆ 50 ಕಿಲೋಮೀಟರ್ ಮೀರಿ ಓಡುತ್ತದೆ. ಅಂದರೆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್. ಆಗ ಯಾರೂ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಸ್ಪ್ರಿಂಗ್ ಪರೀಕ್ಷೆ ಮಾಡುವುದಿಲ್ಲ.

ಅದಕ್ಕೇ ಕೈಗೆ ಮೊದಲು ಸಿಗಬೇಕಾದದ್ದು ಕರಡಿ ಸ್ಪ್ರೇ (ಕರಡಿಯ ಮುಖಕ್ಕೆ ಸಿಂಪಡಿಸುವ ಖಾರದ ಸ್ಪ್ರೇ). ಅಲಾಸ್ಕಾದಲ್ಲಿ 1985ರಿಂದ 2006ರವರೆಗಿನ ಸ್ಪ್ರೇ ಬಳಕೆಯ ಘಟನೆಗಳನ್ನು ನೋಡಿದ ಅಧ್ಯಯನ 2008ರಲ್ಲಿ ಬಂತು. ಕಂದು ಕರಡಿಗಳ ವಿಷಯದಲ್ಲಿ 100ಕ್ಕೆ 92 ಸಲ ಸ್ಪ್ರೇ ಕೆಲಸ ಮಾಡಿತ್ತು. ಬಂದೂಕಿನ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ ಕೈಬಂದೂಕು 100ಕ್ಕೆ 84 ಸಲ ಗೆದ್ದಿತ್ತು. ಎರಡರ ಲೆಕ್ಕ ಹಾಕಿದ ಬಗೆ ಬೇರೆ ಬೇರೆ, ಆದ್ದರಿಂದ ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಆದರೂ ಸ್ಪ್ರೇ ಡಬ್ಬಿಗೆ ಸ್ಪ್ರಿಂಗೂ ಇಲ್ಲ, ಮ್ಯಾಗಜೀನೂ ಇಲ್ಲ, ಅಲ್ವಾ?

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. ಗೆಳೆಯನ ಪಿಸ್ತೂಲನ್ನು "ಸುಮ್ನೆ ಸ್ವಲ್ಪ ಹೊತ್ತು" ಹೊತ್ತುಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಿ. 2010ರ ಫೆಬ್ರುವರಿಯಿಂದ ರಾಷ್ಟ್ರೀಯ ಉದ್ಯಾನಗಳ ಒಳಗೆ ಆಯಾ ರಾಜ್ಯದ ಕಾನೂನಿನ ಪ್ರಕಾರ ಬಂದೂಕು ಒಯ್ಯಬಹುದು. ಹಾರಿಸುವುದಕ್ಕೆ ಇರುವ ನಿಯಮ ಬೇರೆ.

ಈಗ ವಿಷಯಕ್ಕೆ. ಬಂದೂಕು ಸಿಕ್ಕಿಕೊಂಡ ಕೂಡಲೇ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ಸರಿಮಾಡುವ ಚಟ ಎಲ್ಲರಿಗೂ ಇದೆ. ಕಾಡಿನಲ್ಲಿ ಅದು ಒಳ್ಳೆಯ ಚಟ. ದೋಷ ಹುಡುಕುವಾಗ ಮಾತ್ರ ಅದು ಸಾಕ್ಷಿಯನ್ನೇ ಅಳಿಸಿಹಾಕುತ್ತದೆ. ಬೆರಳನ್ನು ಟ್ರಿಗರ್‌ನಿಂದ ತೆಗೆಯಿರಿ. ಮೂತಿ ಗುರಿಯ ದಿಕ್ಕಿಗೇ ಇರಲಿ. ಟ್ರಿಗರ್ ಒತ್ತಿದರೂ ಹಾರದಿದ್ದರೆ ಹಾಗೇ ಅರ್ಧ ನಿಮಿಷ ಕಾಯಿರಿ, ಕೆಲವು ತೋಟಾ ತಡವಾಗಿ ಸಿಡಿಯುತ್ತವೆ. ಆಮೇಲೆ ಮೂರು ವಿಷಯ ನೋಡಿ. ಸ್ಲೈಡ್ ಎಲ್ಲಿ ನಿಂತಿದೆ? ತೋಟಾದ ಮೂತಿ ಎತ್ತ ನೋಡುತ್ತಿದೆ? ಇದು ಯಾವ ಮ್ಯಾಗಜೀನ್, ಎಷ್ಟನೇ ತೋಟಾ? ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಮ್ಯಾಗಜೀನ್‌ಗಳ ತಳಕ್ಕೆ ಮಾರ್ಕರ್‌ನಲ್ಲಿ 1, 2, 3 ಅಂತ ಬರೆದಿಡಿ. ಬಿಟ್ಟಿ ಕೆಲಸ, ಆದರೆ ಅರ್ಧ ತಲೆನೋವು ಇದರಿಂದಲೇ ಹೋಗುತ್ತದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ತೋಟಾ, ಸ್ಪ್ರಿಂಗ್, ಮ್ಯಾಗಜೀನ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋಗಬಹುದು, ಯಾವುದರಿಂದ ಹೋಯಿತು ಅನ್ನುವುದು ಮಾತ್ರ ತಿಳಿಯುವುದಿಲ್ಲ.

10 ಎಂಎಂ: ತೋಟಾ ಚೇಂಬರಿಗೆ (ನಳಿಕೆಯ ಹಿಂತುದಿಯ ಗೂಡಿಗೆ) ಹೋಗುತ್ತಿಲ್ಲ

ಇದೇ ದೊಡ್ಡ ದೂರು. ಸ್ಲೈಡ್ ಅರ್ಧ ತೆರೆದು ನಿಂತಿರುತ್ತದೆ. ತೋಟಾದ ಮೂತಿ ಬ್ಯಾರೆಲ್‌ನ (ನಳಿಕೆಯ) ಬುಡದ ಇಳಿಜಾರಿಗೆ ಗುದ್ದಿಕೊಂಡಿರುತ್ತದೆ.

ಮೊದಲ ಅನುಮಾನ ತೋಟಾದ ಮೇಲೆ. ಕರಡಿಗೆ ಮಾಡಿದ ಗಟ್ಟಿ ಸೀಸದ ಗುಂಡಿಗೆ ಮೂತಿ ಚಪ್ಪಟೆ, ಅಗಲ. ಆಳಕ್ಕೆ ನೇರವಾಗಿ ಇಳಿಯಲಿ ಎಂದೇ ಹಾಗೆ ಮಾಡಿರುತ್ತಾರೆ. ದುಂಡು ಮೂತಿ ಜಾರಿ ಹೋಗುವ ಕಡೆ ಈ ಚಪ್ಪಟೆ ಅಂಚು ತಡೆಯುತ್ತದೆ. ಪಿಸ್ತೂಲು ಖಾಲಿ ಮಾಡಿ, ಬ್ಯಾರೆಲ್ ಹೊರಗೆ ತೆಗೆಯಿರಿ. ಅದನ್ನು ನೆಟ್ಟಗೆ ಹಿಡಿದು ಚೇಂಬರಿಗೆ ತೋಟಾ ಬಿಡಿ. ಟಣ್ ಅಂತ ಪೂರ್ತಿ ಇಳಿಯಬೇಕು. ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಲೆಕೆಳಗೆ ಮಾಡಿದರೆ ತಾನೇ ಬೀಳಬೇಕು. ಈ ಮೂರರಲ್ಲಿ ಒಂದು ಆಗದಿದ್ದರೂ ಆ ತೋಟಾ ಆ ಬ್ಯಾರೆಲ್‌ಗೆ ಆಗಿಬರುವುದಿಲ್ಲ. 10 ಎಂಎಂ ತೋಟಾದ ಒಟ್ಟು ಉದ್ದ 32 ಮಿಲಿಮೀಟರ್ ಮೀರುವಂತಿಲ್ಲ. ಮನೆಯಲ್ಲೇ ತೋಟಾ ತುಂಬುವವರು ಕ್ಯಾಲಿಪರ್ ಹಿಡಿದು ಇದನ್ನೂ ನೋಡಬೇಕು.

ಇಲ್ಲೊಂದು ತಮಾಷೆ ಇದೆ. ಗ್ಲಾಕ್ ಕಂಪನಿಯ ಬ್ಯಾರೆಲ್‌ನ ಒಳಗಿನ ಗೆರೆಗಳಿಗೆ ಚೂಪು ಅಂಚಿಲ್ಲ. ಕವಚವಿಲ್ಲದ ಸೀಸದ ಗುಂಡು ಅದರಲ್ಲಿ ಹೊಡೆಯಬೇಡಿ ಅಂತ ಕಂಪನಿಯೇ ಹೇಳುತ್ತದೆ. ಸೀಸ ಒಳಗೆ ಮೆತ್ತಿಕೊಂಡರೆ ಒತ್ತಡ ಏರುತ್ತದೆ. ಸರಿ ಅಂತ ಜನ ಬೇರೆ ಕಂಪನಿಯ ಬ್ಯಾರೆಲ್ ಹಾಕಿಸುತ್ತಾರೆ. ಅಂಥ ಬ್ಯಾರೆಲ್‌ಗಳ ಚೇಂಬರ್ ಎಷ್ಟೋ ಸಲ ಬಿಗಿ. ಅಲ್ಲಿಯವರೆಗೆ ಇಲ್ಲದ ಸಿಕ್ಕು ಆಗ ಶುರುವಾಗುತ್ತದೆ. ನನ್ನನ್ನು ಕೇಳಿದರೆ, ಕಂಪನಿಯ ಬ್ಯಾರೆಲ್ ಹಾಗೇ ಇರಲಿ. ಗುಂಡನ್ನು ಬದಲಿಸಿ. ತಾಮ್ರದ ಕವಚದ ಚಪ್ಪಟೆ ಮೂತಿಯ ಗುಂಡು ಸಿಗುತ್ತದೆ, ಇಡೀ ಗುಂಡೇ ತಾಮ್ರದ್ದಾದ ಬಗೆಯೂ ಸಿಗುತ್ತದೆ. ಒಂದು ಸಮಸ್ಯೆ ಬಿಡಿಸಲು ಎರಡು ಹೊಸದನ್ನು ಕೊಳ್ಳುವುದು ಯಾಕೆ?

ತೋಟಾ ಸರಿಯಿದ್ದರೆ ಮ್ಯಾಗಜೀನ್ ನೋಡಿ. 1ನೇ ನಂಬರಿನಲ್ಲಿ ಸಿಕ್ಕುತ್ತದೆ, 2ರಲ್ಲಿ ಇಲ್ಲ ಅಂದರೆ ಉತ್ತರ ಸಿಕ್ಕಿತು. ಸ್ಪ್ರಿಂಗ್ ಸೋತಿದೆ, ಅಥವಾ ತೋಟಾ ಹಿಡಿದಿಡುವ ಮೇಲಿನ ತುಟಿ ಬಾಗಿದೆ. ಗ್ಲಾಕ್ 20ಕ್ಕೆ 15 ತೋಟಾ ಹಿಡಿಸುತ್ತದೆ. ಪೂರ್ತಿ ತುಂಬಿದಾಗ ಮಾತ್ರ ಮೊದಲ ಒಂದೆರಡು ಸಿಕ್ಕುತ್ತವೆ ಅಂದರೆ 14 ತುಂಬಿ ನೋಡಿ. ಕೊನೆಯ ಒಂದೆರಡು ಮಾತ್ರ ಸಿಕ್ಕುತ್ತವೆ ಅಂದರೆ ಸ್ಪ್ರಿಂಗ್ ಬದಲಿಸಿ.

ಮೂರನೆಯದು ಸ್ಲೈಡಿನ ಸ್ಪ್ರಿಂಗ್. ಕಂಪನಿಯಿಂದ ಬರುವುದು ಸುಮಾರು 17 ಪೌಂಡಿನದು. "ಬಿಸಿ (ಹೆಚ್ಚು ಶಕ್ತಿಯ) ತೋಟಾಗೆ ಗಟ್ಟಿ ಸ್ಪ್ರಿಂಗ್ ಬೇಕು" ಅಂತ 22, 24 ಪೌಂಡಿನದು ಹಾಕುವವರು ಬೇಕಾದಷ್ಟು ಜನ. ಗಟ್ಟಿ ಸ್ಪ್ರಿಂಗ್ ಸ್ಲೈಡನ್ನು ಹಿಂದೆ ಹೋಗುವಾಗ ತಡೆಯುತ್ತದೆ, ನಿಜ. ಆದರೆ ಮುಂದೆ ಬರುವಾಗ ಜೋರಾಗಿ ತಳ್ಳುತ್ತದೆ. ಮ್ಯಾಗಜೀನ್ ಮುಂದಿನ ತೋಟಾವನ್ನು ಮೇಲಕ್ಕೆ ಎತ್ತುವ ಮೊದಲೇ ಸ್ಲೈಡ್ ಬಂದುಬಿಡುತ್ತದೆ. ಆಗ ತೋಟಾ ಮೂತಿ ಕೆಳಗೆ ಮಾಡಿ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಸ್ಲೈಡ್ ಅದರ ಮೇಲೆ ಹಾದುಹೋಗಿ ಖಾಲಿ ಚೇಂಬರ್ ಮೇಲೆ ಮುಚ್ಚಿಕೊಳ್ಳುತ್ತದೆ. ಎರಡನೆಯದು ಹೆಚ್ಚು ಅಪಾಯ, ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಇದೇ ಸ್ಪ್ರಿಂಗ್ ಇಟ್ಟು ಮೆದು ತೋಟಾ ಹೊಡೆದರೆ ಸ್ಲೈಡ್ ಪೂರ್ತಿ ಹಿಂದಕ್ಕೇ ಹೋಗುವುದಿಲ್ಲ, ಖಾಲಿ ಕೇಸ್ (ತೋಟಾದ ಲೋಹದ ಕೊಳವೆ) ಹೊರಬೀಳುವ ಬಾಗಿಲಲ್ಲೇ ನೆಟ್ಟಗೆ ನಿಂತುಬಿಡುತ್ತದೆ. ಪರಿಹಾರ ಸುಲಭ. ಕಂಪನಿಯ ಸ್ಪ್ರಿಂಗ್, ಹೊಸದು, ಮತ್ತೆ ಹಾಕಿ. ಹಳೆಯದಾಗಿದ್ದರೂ ಇದೇ ತರಹ ಆಟವಾಡುತ್ತದೆ.

ನಾಲ್ಕನೆಯದು ಅನೇಕರ ತಲೆಗೆ ಹೊಳೆಯದ್ದು: ಪಿಸ್ತೂಲಿನ ಮುಂದೆ ತಗುಲಿಸಿದ ಟಾರ್ಚ್. ಪ್ಲಾಸ್ಟಿಕ್ ಚೌಕಟ್ಟು ಹೊಡೆತಕ್ಕೆ ಸ್ವಲ್ಪ ಬಾಗಿ ಒದೆತವನ್ನು ನುಂಗುತ್ತದೆ. ಟಾರ್ಚ್ ಹಾಕಿದರೆ ಚೌಕಟ್ಟು ಬಿಗಿಯಾಗುತ್ತದೆ, ಸ್ಲೈಡ್ ಮತ್ತು ಮ್ಯಾಗಜೀನಿನ ತಾಳ ತಪ್ಪುತ್ತದೆ. .40 ಕ್ಯಾಲಿಬರಿನ ಹಳೆಯ ಗ್ಲಾಕ್ 22ರಲ್ಲಿ ಈ ತೊಂದರೆ ಹೆಸರುವಾಸಿ. ಟಾರ್ಚ್ ತೆಗೆದು ಹೊಡೆದು ನೋಡಿ. ದೋಷ ಮಾಯವಾದರೆ ಹೊಸ ಮ್ಯಾಗಜೀನ್ ಸ್ಪ್ರಿಂಗ್ ಹಾಕಿ, ಟಾರ್ಚ್ ಸಮೇತ ಮತ್ತೆ ಪರೀಕ್ಷಿಸಿ.

ಕೊನೆಗೆ ಕೈ. ಮಣಿಕಟ್ಟು ಸಡಿಲವಾಗಿದ್ದರೆ ಪಿಸ್ತೂಲು ಸ್ಲೈಡಿನ ಜೊತೆಗೇ ಹಿಂದೆ ಹೋಗುತ್ತದೆ, ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳುವುದಿಲ್ಲ. ಗಟ್ಟಿ ಕೈಯವರೊಬ್ಬರು ಅದೇ ಪಿಸ್ತೂಲು, ಅದೇ ತೋಟಾ ಹೊಡೆದಾಗ ಸರಿಯಿದ್ದರೆ ಕಾರಣ ಹಿಡಿತ. "ಹಾಗಾದರೆ ಗಟ್ಟಿಯಾಗಿ ಹಿಡಿಯುತ್ತೇನೆ" ಅಂದುಕೊಂಡು ಮುಗಿಸಬೇಡಿ. ಕರಡಿ ಒಂದು ತೋಳು ಹಿಡಿದಿರುವಾಗ, ನೀವು ನೆಲದ ಮೇಲೆ ಅಂಗಾತ ಬಿದ್ದಿರುವಾಗ ಹಿಡಿತ ಚೆನ್ನಾಗಿರುವುದಿಲ್ಲ. ಆದ್ದರಿಂದ ಬಲಗೈ ಒಂದರಲ್ಲೇ, ಎಡಗೈ ಒಂದರಲ್ಲೇ ಹೊಡೆದು ನೋಡಿ. ಒಳ್ಳೆಯ ಪರೀಕ್ಷೆ ಒಂದಿದೆ. ಮ್ಯಾಗಜೀನಿನಲ್ಲಿ ಒಂದೇ ತೋಟಾ ಹಾಕಿ, ಚೇಂಬರಿಗೆ ಏರಿಸಿ, ದುರ್ಬಲ ಕೈಯಲ್ಲಿ ಹೊಡೆಯಿರಿ. ಸ್ಲೈಡ್ ಹಿಂದೆ ಹೋಗಿ ತೆರೆದೇ ನಿಂತರೆ ಶಕ್ತಿ ಸಾಲುತ್ತಿದೆ. ಮುಚ್ಚಿಕೊಂಡರೆ ಹೆಬ್ಬೆರಳು ಸ್ಲೈಡ್ ತಡೆಯುವ ಲಿವರ್‌ಗೆ ತಾಗುತ್ತಿದೆಯಾ ನೋಡಿ. ಇಲ್ಲ ಅಂದರೆ ಸ್ಪ್ರಿಂಗ್ ಗಟ್ಟಿಯಾಯಿತು, ಅಥವಾ ಆ ಕೈಗೆ ಈ ಪಿಸ್ತೂಲು ಹೆಚ್ಚಾಯಿತು.

ಒತ್ತಿ ಹಿಡಿದರೆ ಹಾರುತ್ತಿಲ್ಲ

ಇದು ದೋಷವಲ್ಲ, ಪಿಸ್ತೂಲಿನ ರಚನೆಯೇ ಹಾಗೆ. ಮೂತಿಯನ್ನು ಯಾವುದಕ್ಕಾದರೂ ಜೋರಾಗಿ ಒತ್ತಿದರೆ ಸ್ಲೈಡ್ ಸ್ವಲ್ಪ ಹಿಂದೆ ಸರಿಯುತ್ತದೆ, ಟ್ರಿಗರ್ ಸತ್ತ ಹಾಗೆ ಆಗುತ್ತದೆ. ಮೈಮೇಲೆ ಬಿದ್ದ ಕರಡಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಖಾಲಿ ಪಿಸ್ತೂಲನ್ನು, ಎರಡು ಸಲ ಪರೀಕ್ಷಿಸಿ, ಮರದ ದಿಮ್ಮಿಗೆ ಒತ್ತಿ ಟ್ರಿಗರ್ ಎಳೆದು ನೋಡಿ. ಎಷ್ಟು ಒತ್ತಿದರೆ ನಿಲ್ಲುತ್ತದೆ ಎಂದು ಕೈಗೆ ಗೊತ್ತಾಗಲಿ. ರಿವಾಲ್ವರಿಗೆ ಈ ಕಾಟ ಇಲ್ಲ. ರಿವಾಲ್ವರ್ ಮೆಚ್ಚುವವರ ಬಲವಾದ ವಾದ ಇದೇ, ಅದನ್ನು ನಾನು ಒಪ್ಪುತ್ತೇನೆ.

ರಿವಾಲ್ವರ್: ಸಿಲಿಂಡರ್ (ತೋಟಾ ತುಂಬುವ ಉರುಳೆ) ತಿರುಗುತ್ತಿಲ್ಲ

ರಿವಾಲ್ವರ್ ಯಾವತ್ತೂ ಸಿಕ್ಕಿಕೊಳ್ಳುವುದಿಲ್ಲ ಎನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ. ಕಡಿಮೆ ಸಿಕ್ಕುತ್ತದೆ. ಸಿಕ್ಕಿದರೆ ಸ್ಥಳದಲ್ಲಿ ಬಿಡಿಸಲು ಆಗುವುದಿಲ್ಲ. ಪಿಸ್ತೂಲಿನ ಸಿಕ್ಕು ಒಂದೆರಡು ಸೆಕೆಂಡಿನ ಕೆಲಸ. ಸಿಲಿಂಡರ್ ಗಟ್ಟಿಯಾದರೆ ಸುತ್ತಿಗೆ ಬೇಕು.

ದೊಡ್ಡ ಕ್ಯಾಲಿಬರಿನಲ್ಲಿ ಮುಖ್ಯ ಕಾರಣ ಗುಂಡು ಕೇಸಿನಿಂದ ಮುಂದೆ ಜರುಗುವುದು. ಬಸ್ಸು ಒಮ್ಮೆಗೇ ಹೊರಟಾಗ ನಿಂತವರು ಹಿಂದೆ ವಾಲುತ್ತಾರಲ್ಲ, ಹಾಗೇ. ಒದೆತಕ್ಕೆ ಬಂದೂಕು ಹಿಂದೆ ಹಾರುತ್ತದೆ. ಕೇಸ್ ಅದರ ಜೊತೆ ಹೋಗುತ್ತದೆ. ಭಾರದ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಪ್ರತಿ ಹೊಡೆತಕ್ಕೂ ಉಳಿದ ತೋಟಾಗಳಲ್ಲಿ ಗುಂಡು ಕೂದಲೆಳೆಯಷ್ಟು ಮುಂದೆ ಬರುತ್ತದೆ. ನಾಲ್ಕೈದು ಹೊಡೆತ ಆದ ಮೇಲೆ ಮೂತಿ ಸಿಲಿಂಡರಿನ ಹೊರಗೆ ಇಣುಕಿ ಬ್ಯಾರೆಲ್‌ನ ಬುಡಕ್ಕೆ ತಾಗುತ್ತದೆ. ಅಲ್ಲಿಗೆ ಮುಗಿಯಿತು.

ಬಂದೂಕು ಹಗುರಾದಷ್ಟೂ ಇದು ಜಾಸ್ತಿ. ಸ್ಮಿತ್ ಆಂಡ್ ವೆಸನ್ 329 ಪಿಡಿಯ ತೂಕ ಸುಮಾರು 700 ಗ್ರಾಂ. ದಿನವಿಡೀ ಹೊತ್ತು ನಡೆಯಲು ಸೊಗಸು. ಅದರಲ್ಲಿ ಭಾರಿ .44 ಹೊಡೆದರೆ ಕೈಗೂ ಕಷ್ಟ, ತೋಟಾಗೂ ಕಷ್ಟ. ಅದೇ ಕಂಪನಿಯ ಉಕ್ಕಿನ 629 ಒಂದು ಕಿಲೋ ಮೀರಿ ತೂಗುತ್ತದೆ, ಅದರಲ್ಲಿ ಅದೇ ತೋಟಾ ಸುಮ್ಮನಿರಬಹುದು.

ಪರೀಕ್ಷೆ ಹೀಗೆ. ಒಯ್ಯುವ ತೋಟಾಗಳಲ್ಲಿ ಒಂದಕ್ಕೆ ಗುರುತು ಹಾಕಿ, ಕ್ಯಾಲಿಪರ್‌ನಿಂದ ಉದ್ದ ಅಳೆದು ಬರೆದಿಡಿ. ಆರನ್ನೂ ತುಂಬಿ. ಗುರುತಿನದನ್ನು ಬಿಟ್ಟು ಐದು ಹೊಡೆಯಿರಿ. ಗುರುತಿನದನ್ನು ಮತ್ತೆ ಅಳೆಯಿರಿ. ಇನ್ನೊಂದು ಸುತ್ತು ಮಾಡಿ. ಉದ್ದ ಬೆಳೆಯುತ್ತಾ ಹೋದರೆ ಆ ತೋಟಾ ಆ ಬಂದೂಕಿಗೆ ಬೇಡ. ಹೊರಬಂದ ಗುಂಡನ್ನು ಒಳಗೆ ಒತ್ತಿ ಮತ್ತೆ ಬಳಸಬೇಡಿ. ಕೇಸಿನ ಬಾಯಿಯನ್ನು ಗುಂಡಿನ ತೋಡಿಗೆ ಗಟ್ಟಿಯಾಗಿ ಮಡಿಸಿದ ತೋಟಾ ಹುಡುಕಿ, ಅಥವಾ ಸ್ವಲ್ಪ ಹಗುರ ಗುಂಡಿಗೆ ಇಳಿಯಿರಿ, ಅಥವಾ ಭಾರದ ಬಂದೂಕು ಹೊರಿ.

ಉದ್ದ ಬೆಳೆದಿಲ್ಲ, ಆದರೂ ಸಿಲಿಂಡರ್ ಬಿಗಿ ಅಂದರೆ ಹಿಂದಿನ ನಕ್ಷತ್ರಾಕಾರದ ಬಿಲ್ಲೆಯ ಅಡಿ ನೋಡಿ. ಸುಡದೆ ಉಳಿದ ಮದ್ದಿನ ಒಂದು ಚೂರು ಸಾಕು, ಸಿಲಿಂಡರ್ ಮುಚ್ಚುವುದೂ ಕಷ್ಟವಾಗುತ್ತದೆ. ಹಳೆಯ ಟೂತ್‌ಬ್ರಷ್ ಸಾಕು. ಖಾಲಿ ಕೇಸ್ ಹೊರಹಾಕುವಾಗ ಮೂತಿ ಮೇಲಕ್ಕಿದ್ದರೆ ಆ ಕಸ ಅಲ್ಲಿ ಸೇರುವುದೇ ಕಡಿಮೆ.

ಸಿಲಿಂಡರ್ ತೆರೆಯುತ್ತಲೇ ಇಲ್ಲ ಅಂದರೆ, ಕೇಸ್ ತಳ್ಳುವ ಕಂಬಿ ಸಡಿಲವಾಗಿ ಉದ್ದವಾಗಿರಬಹುದು. ಈಗಿನ ಸ್ಮಿತ್ ಆಂಡ್ ವೆಸನ್‌ಗಳಲ್ಲಿ ಅದರ ತಿರುಪಿನ ಸುತ್ತು ಎಡಗಡೆಯದು. ಮಾಮೂಲಿ ತಿರುಪಿನಂತೆ ಬಲಕ್ಕೆ ತಿರುಗಿಸಿದರೆ ಇನ್ನೂ ಬಿಚ್ಚಿಕೊಳ್ಳುತ್ತದೆ.

ಮೊದಲ ಸುತ್ತಿಗೆ ಸರಿ, ಕಾದ ಮೇಲೆ ಬಿಗಿ ಅಂದರೆ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದು ನೋಡಿ. ಅಲ್ಲಿ ಸೀಸ, ಮಸಿ ಕಟ್ಟಿರುತ್ತದೆ.

ಕುದುರೆ (ಹಿಂದಿನಿಂದ ಬಡಿಯುವ ಭಾಗ) ಬೀಳುತ್ತದೆ, ತೋಟಾ ಹಾರುವುದಿಲ್ಲ

ಪ್ರೈಮರ್ (ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಮೇಲಿನ ಗುಳಿ ನೋಡಿ. ಆಳವಾದ ಗುಳಿ ಇದ್ದೂ ಹಾರದಿದ್ದರೆ ತೋಟಾ ಕೆಟ್ಟದ್ದು. ಗುಳಿ ತೆಳು ಅಂದರೆ ಬಂದೂಕಿನ ಕಡೆ ತಪ್ಪು. ರಿವಾಲ್ವರಿನಲ್ಲಿ ಹೆಚ್ಚಾಗಿ ಯಾರೋ ಟ್ರಿಗರ್ ಮೆದುವಾಗಲಿ ಅಂತ ಮುಖ್ಯ ಸ್ಪ್ರಿಂಗನ್ನು ಹಗುರ ಮಾಡಿರುತ್ತಾರೆ, ಅಥವಾ ಹಿಡಿಕೆಯ ಮುಂಭಾಗದ ತಿರುಪು ಸಡಿಲವಾಗಿರುತ್ತದೆ. ಗುರಿ ಸ್ಪರ್ಧೆಗೆ ಮೆದು ಟ್ರಿಗರ್ ಚೆಂದ. ಕಾಡಿಗೆ ಕಂಪನಿಯ ಸ್ಪ್ರಿಂಗೇ ಇರಲಿ. ಚಳಿಯಲ್ಲಿ ಮಾತ್ರ ಈ ದೋಷ ಬರುತ್ತಿದ್ದರೆ ಎಣ್ಣೆ ಗಟ್ಟಿಯಾಗಿದೆ. ಹಳೆಯ ಎಣ್ಣೆ, ಗ್ರೀಸ್ ಪೂರ್ತಿ ತೊಳೆದು, ಚಳಿಗೆಂದೇ ಮಾಡಿದ ತೆಳು ಎಣ್ಣೆಯನ್ನು ಒರೆಸಿದಷ್ಟು ಮಾತ್ರ ಹಚ್ಚಿ. ಹೊರಗೆ ಕೊರೆಯುತ್ತಿದ್ದ ಬಂದೂಕನ್ನು ಬೆಚ್ಚಗಿನ ಕೋಣೆಗೆ ತಂದರೆ ಬೆವರುತ್ತದೆ. ಒರೆಸದೆ ಮತ್ತೆ ಹೊರಗೆ ಒಯ್ದರೆ ಆ ನೀರು ಒಳಗೇ ಹೆಪ್ಪುಗಟ್ಟುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ನಾಯಿ ಬಂಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಯ ಭಯಕ್ಕೆ ಗ್ಲಾಕ್ 20 ಒಯ್ಯುತ್ತದೆ. ಅಂದರೆ ಈ ಪಿಸ್ತೂಲಿಗೆ ಚಳಿ ಹೊಸದಲ್ಲ. ಆದರೆ ಅವರ ಮುಖ್ಯ ಬಂದೂಕು ಇಂದಿಗೂ 1917ರ ವಿನ್ಯಾಸದ ಬೋಲ್ಟ್ ರೈಫಲ್ಲೇ.

ಹೊಡೆತದ ಸದ್ದು "ಟಪ್" ಅಂತ ಮೆಲ್ಲಗೆ ಬಂದರೆ, ಒದೆತ ಬರದಿದ್ದರೆ, ಅಲ್ಲೇ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲೇ ಉಳಿದಿರಬಹುದು. ಮುಂದಿನದು ಹೊಡೆದರೆ ಬ್ಯಾರೆಲ್ ಒಡೆಯುತ್ತದೆ.

ಖಾಲಿ ಕೇಸ್ ಅಂಟಿಕೊಳ್ಳುತ್ತಿದೆ

.44 ಮ್ಯಾಗ್ನಮ್ ಬಂದೂಕಿನಲ್ಲಿ ಅಭ್ಯಾಸಕ್ಕೆ .44 ಸ್ಪೆಷಲ್ ಹೊಡೆಯುವವರು ಬಹಳ. ಅದರ ಕೇಸ್ ಗಿಡ್ಡ. ಅದರ ಮುಂದೆ ಚೇಂಬರಿನಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಮ್ಯಾಗ್ನಮ್ ತೋಟಾ ಬಿಗಿಯಾಗಿ ಹೋಗುತ್ತದೆ, ಇನ್ನೂ ಬಿಗಿಯಾಗಿ ಹೊರಬರುತ್ತದೆ. ಹಿತ್ತಾಳೆ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಶುಭ್ರ ಚೇಂಬರಿನಲ್ಲೂ ಅಂಟಿಕೊಂಡರೆ ಒತ್ತಡ ಹೆಚ್ಚಿರಬಹುದು, ಪ್ರೈಮರ್ ಚಪ್ಪಟೆಯಾಗಿದೆಯಾ ನೋಡಿ. .454 ಕ್ಯಾಸುಲ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 65,000 ಪೌಂಡ್, .44 ಮ್ಯಾಗ್ನಮ್‌ನದು 36,000. ಅದಕ್ಕೇ .454 ಒಯ್ಯುವವರು ಇದನ್ನು ಹೆಚ್ಚು ಕಾಣುತ್ತಾರೆ.

ಮೊದಲ ತೋಟಾ ಗಿಡ್ಡವಾಗಿದೆ

ಪಿಸ್ತೂಲು ಒಯ್ಯುವವರು ದಿನಾ ಸಂಜೆ ಖಾಲಿ ಮಾಡಿ, ಬೆಳಿಗ್ಗೆ ಮತ್ತೆ ಅದೇ ತೋಟಾವನ್ನು ಚೇಂಬರಿಗೆ ಏರಿಸುತ್ತಾರೆ. ಪ್ರತಿ ಸಲ ಮೂತಿ ಇಳಿಜಾರಿಗೆ ಗುದ್ದಿ ಗುಂಡು ಕೇಸಿನ ಒಳಗೆ ಜರುಗುತ್ತದೆ. ಒಳಗಿನ ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ. ಡಬ್ಬದ ಹೊಸ ತೋಟಾ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಅದನ್ನು ಹೊಡೆಯಬೇಡಿ, ಒಯ್ಯಲೂ ಬೇಡಿ.

ಎದೆಯ ಹೋಲ್ಸ್ಟರ್‌ನ ತಳವನ್ನೂ ಒಮ್ಮೆ ಬೆರಳು ಹಾಕಿ ನೋಡಿ. ಸ್ಪ್ರೂಸ್ ಮರದ ಎಲೆ, ನದಿ ಮರಳು, ಒಣಗಿದ ಕೆಸರು ಅಲ್ಲಿ ಸೇರಿರುತ್ತದೆ.

ದೋಷ ಸಿಕ್ಕಿ ಸರಿಮಾಡಿದ ಮೇಲೆ ಹಳೆಯ ಲೆಕ್ಕ ಬಿಡಿ, ಹೊಸದಾಗಿ ಶುರುಮಾಡಿ. ನನ್ನ ಅಳತೆ: ಒಯ್ಯುವ ಪ್ರತಿ ಮ್ಯಾಗಜೀನಿನಿಂದ ಒಯ್ಯುವ ತೋಟಾವನ್ನೇ ಎರಡು ಸಲ ಪೂರ್ತಿ ಹೊಡೆಯಬೇಕು, ಅದರಲ್ಲಿ ಸ್ವಲ್ಪ ಒಂದೇ ಕೈಯಲ್ಲಿ. ರಿವಾಲ್ವರಿಗೆ ನಾಲ್ಕೈದು ಸಿಲಿಂಡರ್ ಸಾಕು. ದುಬಾರಿ, ಗೊತ್ತು. ಇಷ್ಟಾದ ಮೇಲೂ ಸಿಕ್ಕುತ್ತಿದ್ದರೆ, ಅಥವಾ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಎಳೆಯುವ ಕೊಕ್ಕೆ) ಮುರಿದಿದ್ದರೆ, ಸಿಲಿಂಡರ್ ಮುಂದೆ ಹಿಂದೆ ಅಲ್ಲಾಡುತ್ತಿದ್ದರೆ, ಚೌಕಟ್ಟಿನಲ್ಲಿ ಬಿರುಕು ಕಂಡರೆ ಅರ ಹಿಡಿದು ಕೂರಬೇಡಿ. ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ. ಜೊತೆಗೆ ಆ ಫೋಟೊಗಳು, ನಂಬರು ಹಾಕಿದ ಮ್ಯಾಗಜೀನ್‌ಗಳು, ಸಿಕ್ಕಿಕೊಂಡ ಬಗೆಯ ಒಂದೆರಡು ತೋಟಾ ಇರಲಿ.